ಹಿಂದೆ ನಿಂತವರ ಶಿವರಾಜು

ಮದುವೆಮನೆಯಲ್ಲಿ ಎಲ್ಲರ ಕಣ್ಣೂ ಹೆಣ್ಣಿನ ಮೇಲೆ ನೆಟ್ಟಿದ್ದರೆ, ವಿಡಿಯೊ ತೆಗೆಯಲು ಬಂದ ಶಿವರಾಜುವಿನ ಕಣ್ಣು ಮಾತ್ರ ಅವಳ ಹೆಗಲಾಚೆ, ಹಿಂದೆ ನಿಂತವರ ಮೇಲಿರುತ್ತದೆ. ಹೊಸಬರು ಇದನ್ನು ಅಪಾರ್ಥ ಮಾಡಿಕೊಳ್ಳುವುದುಂಟು. ಹೊಳಲಿನ ಒಂದು ಮದುವೆಯಲ್ಲಿ ಹೆಣ್ಣಿನ ಚಿಕ್ಕಪ್ಪ ಅವನ ಕೊರಳಪಟ್ಟಿಗೇ ಕೈ ಹಾಕಿ, ನಮ್ಮ ಹೆಂಗಸರ ಕಡೆ ಏನು ಹಾಗೆ ನೋಡುತ್ತೀಯೆಂದು ಜಬರಿಸಿದ್ದ. ಶಿವರಾಜು ಜಗಳಕ್ಕಿಳಿಯದೆ, ಎತ್ತರದವರ ಹಿಂದೆ ಮರೆಯಾಗಿದ್ದ ಒಬ್ಬ ಮುದುಕಿಯನ್ನು ಕೈಹಿಡಿದು ಮುಂದಕ್ಕೆ ತಂದು ನಿಲ್ಲಿಸಿ, "ಇರ್ಲಿ ಬುಡಿ" ಅಂದ. ಅವನ ಮಾತುಗಳಲ್ಲಿ ಅರ್ಧ ಪಾಲು ಈ "ಇರ್ಲಿ ಬುಡಿ"ಯೇ.

ಮದ್ದೂರಿನ ಪೇಟೆಯಲ್ಲಿ ಅವನದೊಂದು ಪುಟ್ಟ ಸ್ಟುಡಿಯೊ. ನಾನು ಭಾರತೀನಗರದ ಕಾಲೇಜಿನಲ್ಲಿ ಪಾಠ ಮಾಡಿ ಬಸ್ಸಿಳಿದವನು, ಮನೆಗೆ ಹೋಗುವ ಮುನ್ನ ಅಲ್ಲಿ ಕೂತು ದಣಿವಾರಿಸಿಕೊಳ್ಳುವುದು ಇಪ್ಪತ್ತು ವರ್ಷಗಳ ರೂಢಿ. ದಣಿದವನ ಎದುರು ಇನ್ನೊಬ್ಬ ದಣಿದವನು ಕೂತರೆ ಮಾತಿನ ಹಂಗಿರುವುದಿಲ್ಲ. ಅವನಿಗೀಗ ಐವತ್ತು ದಾಟಿದೆ. ಮೊಣಕಾಲನ್ನು ತುಸು ಮಡಿಸಿ, ಹಿಮ್ಮಡಿಯನ್ನು ಮೊದಲೂರಿ, ತುಂಬಿದ ಕೊಡ ಹೊತ್ತವನ ಹಾಗೆ ನಡೆಯುತ್ತಾನೆ. ಬಸ್‌ಸ್ಟ್ಯಾಂಡಿನಲ್ಲೂ ಹಾಗೆಯೇ, ಸಂತೆಯಲ್ಲೂ ಹಾಗೆಯೇ. ಫೋಟೊ ತೆಗೆಯಲೆಂದು ಮಾಡಿದ ಕ್ಯಾಮೆರಾದಲ್ಲಿ ವಿಡಿಯೊ ತೆಗೆಯುವವರಿಗೆ ಅಂಟಿಕೊಂಡ ನಡಿಗೆ ಅದು. ಹಳೆಯ ವಿಡಿಯೊ ಕ್ಯಾಮೆರಾದಂತೆ ಹೆಗಲ ಮೇಲೆ ಭದ್ರವಾಗಿ ಕೂರದ ಆ ಹಗುರ ಯಂತ್ರ ಒಂದೊಂದು ಹೆಜ್ಜೆಗೂ ನಡುಗುವುದರಿಂದ, ನಡುಕವನ್ನೆಲ್ಲ ಮೊಣಕಾಲೇ ನುಂಗಬೇಕು. ನುಂಗಿ ನುಂಗಿ ಅವನ ಮೊಣಕಾಲಿನ ಸಂದು ಸವೆದುಹೋಗಿದೆಯೆಂದು ಮಂಡ್ಯದ ಡಾಕ್ಟರು ಹೇಳಿದ್ದಾರೆ.

ಒಂದು ಕಾಲಕ್ಕೆ ಖಾಕಿಯಾಗಿದ್ದ, ಈಗ ಯಾವ ಬಣ್ಣವೆಂದು ಹೇಳಲಾಗದ ತೋಳಿಲ್ಲದ ಕೋಟೊಂದು ಅವನ ಮೈಮೇಲೆ ಸದಾ ಇರುತ್ತದೆ. ಅದರ ಮೂರು ಜೇಬುಗಳಲ್ಲಿ ಮೂರು ಲೆನ್ಸು. ಎಡಗಡೆಯದು ಇಡೀ ಛತ್ರವನ್ನೇ ಒಳಗೆ ಹಾಕಿಕೊಳ್ಳುವ ಅಗಲದ ಲೆನ್ಸು. ಆದರೆ ಅದು ಅಂಚಿನಲ್ಲಿ ನಿಂತವರನ್ನು ಎಳೆದು ಊದಿಸಿಬಿಡುತ್ತದೆ. ಬೆಸಗರಹಳ್ಳಿಯ ಬೀಗರೊಬ್ಬರು ತಮ್ಮನ್ನು ಬೇಕೆಂದೇ ದಪ್ಪ ಮಾಡಿದ್ದಾನೆಂದು ಅವನೊಡನೆ ಎರಡು ವರ್ಷ ಮಾತು ಬಿಟ್ಟಿದ್ದರು. ಬಲಗಡೆಯದು ಕ್ಯಾಮೆರಾದ ಜೊತೆಗೇ ಬಂದ ಸಾಧಾರಣ ಲೆನ್ಸು. ಒಳಜೇಬಿನಲ್ಲಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟದ್ದು ಐವತ್ತು ಮಿಲಿಮೀಟರಿನದು, ಅವನ ಮಾತಿನಲ್ಲಿ ಐವತ್ತರ ಲೆನ್ಸು. ಅದರ ಕಣ್ಣನ್ನು ಪೂರ್ತಿ ತೆರೆದರೆ ಲೆನ್ಸಿನ ಬಳೆ ತಿರುಗಿಸಿ ಗುರಿಯಿಟ್ಟ ಒಂದು ಮುಖ ಕೆತ್ತಿದಂತೆ ಮೂಡಿ, ಉಳಿದ ಲೋಕವೆಲ್ಲ ಮಂಜಾಗಿ ಕರಗುತ್ತದೆ.

ಆ ಲೆನ್ಸು ಬಂದ ಹೊಸತರಲ್ಲಿ ಶಿವರಾಜು ಅದರ ಮೋಹದಲ್ಲಿ ಮುಳುಗಿಯೇ ಹೋಗಿದ್ದ. ಮಳವಳ್ಳಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ನಾನೂ ಒಮ್ಮೆ ನೋಡಿ, ಇದು ಕಾವ್ಯ ಕಣಯ್ಯ ಎಂದು ಹೊಗಳಿದ್ದೆ. ಮೇಷ್ಟರ ಬಾಯಿಗೆ ಇಂಥ ಮಾತುಗಳು ಬೇಗ ಬರುತ್ತವೆ.

ಹೀಗಿರುವಾಗ ಒಂದು ಮಧ್ಯಾಹ್ನ ಮಂಗಳಮ್ಮ ಎಂಬ ಹೆಂಗಸು ಸ್ಟುಡಿಯೊಗೆ ಬಂದಳು. ಗಂಡ ನಾಗಯ್ಯ ಗದ್ದೆಯ ಬದುವಿನ ಮೇಲೆ ಕುಸಿದು ತೀರಿಕೊಂಡು ನಾಲ್ಕು ದಿನವಾಗಿತ್ತು. ಹನ್ನೊಂದನೆಯ ದಿನದ ತಿಥಿಗೆ ಇಡಲು ಒಂದು ಫೋಟೊ ಬೇಕಿತ್ತು. ಬದುಕಿರುವಾಗ ಆತ ಫೋಟೊಗೆ ನಿಂತವನಲ್ಲ. ಆಧಾರ್ ಕಾರ್ಡಿನಲ್ಲಿದ್ದದ್ದು ಬರಿಯ ಮಸಿ. ಆದರೆ ಹಿಂದಿನ ವರ್ಷ ತಂಗಿಯ ಮಗಳ ಮದುವೆಯಲ್ಲಿ, ಸೋದರಮಾವನೆಂದು ಧಾರೆಯ ಹೊತ್ತಿನಲ್ಲಿ ಹೆಣ್ಣಿನ ಬೆನ್ನಿಗೇ ನಿಂತಿದ್ದ. ಆ ವಿಡಿಯೊ ತೆಗೆದವನು ಶಿವರಾಜು. ಅದರಿಂದ ಒಂದು ಚಿತ್ರ ತೆಗೆದುಕೊಡಪ್ಪ ಎಂದು ಕೇಳಿದಳು.

ಶಿವರಾಜು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ನಾನೂ ಅಲ್ಲಿದ್ದೆ. ಹೆಣ್ಣಿನ ಓಲೆಯ ಹರಳುಗಳನ್ನು ಎಣಿಸಬಹುದಿತ್ತು. ಅವಳ ಹಿಂದೆ ಒಂದು ಬಿಳಿಯ ಅಂಗಿ, ಅದರ ಮೇಲ್ಗಡೆ ಕಂದುಬಣ್ಣದ ಒಂದು ಮಚ್ಚೆ. ಇಡೀ ಧಾರೆಯನ್ನು ಮೂರು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿದರೂ ಆ ಮಚ್ಚೆ ಮುಖವಾಗಲಿಲ್ಲ. ಮಂಗಳಮ್ಮ ಅಳಲಿಲ್ಲ, ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು.

"ನಿಂತಿರೋ ತರದಲ್ಲೇ ನಮ್ಮೋರು ಅಂತ ಗೊತ್ತಾಯ್ತದೆ ಕಣಪ್ಪ. ಮೊಕ ಎಲ್ಲಿಗೋಯ್ತು?"

ಲೆನ್ಸಿನ ಲಕ್ಷಣವನ್ನು ಆಕೆಗೆ ವಿವರಿಸಿ ಹೇಳುವುದು ಯಾರಿಂದ ಸಾಧ್ಯ? ತಿಥಿಯ ದಿನ ಗೋಡೆಗೊರಗಿದ್ದದ್ದು ಆಧಾರ್ ಕಾರ್ಡಿನ ಮಸಿಯನ್ನೇ ಹಿಗ್ಗಿಸಿದ ಚಿತ್ರ.

ಅಂದಿನಿಂದ ಅವನು ಐವತ್ತರ ಲೆನ್ಸನ್ನು ಬಟ್ಟೆಯಿಂದ ಬಿಚ್ಚಲಿಲ್ಲ. ಕ್ಯಾಮೆರಾಕ್ಕೆ ಸಾಧಾರಣ ಲೆನ್ಸನ್ನೇ ಹಾಕಿ, ಅದರ ಕಣ್ಣನ್ನು ಕಿರಿದು ಮಾಡಿ, ಮುಂದಿನವರಿಂದ ಹಿಡಿದು ಹಿಂದಿನ ಗೋಡೆಯ ಗಡಿಯಾರದವರೆಗೆ ಸಕಲವನ್ನೂ ಸ್ಪಷ್ಟವಾಗಿ ತೆಗೆಯತೊಡಗಿದ. ಕಣ್ಣು ಕಿರಿದಾದರೆ ಬೆಳಕು ಹೆಚ್ಚು ಬೇಕು; ಎರಡು ದೊಡ್ಡ ದೀಪಗಳನ್ನು ತಾನೇ ಹೊತ್ತು ತಂದು ನಿಲ್ಲಿಸುತ್ತಿದ್ದ. ಅವುಗಳ ಕಾವಿಗೆ ಹೆಣ್ಣುಮಕ್ಕಳ ಮೇಕಪ್ಪು ಇಳಿಯುತ್ತಿತ್ತು, ಗಂಡುಗಳು ಸಿಡಿಮಿಡಿಗೊಳ್ಳುತ್ತಿದ್ದರು. ಹಿಂಬದಿ ಮಸುಕಾಗದಿದ್ದರೆ ಅದೆಂಥ ವಿಡಿಯೊ ಎಂದು ಈ ಕಸುಬಿನ ಹೊಸ ಹುಡುಗರು ನಗುತ್ತಿದ್ದರು. ಬರಬರುತ್ತ ಕರೆಯುವವರೇ ಕಡಿಮೆಯಾದರು. ಕಳೆದ ವೈಶಾಖದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಮದುವೆ, ಅದೂ ನನ್ನ ಶಿಫಾರಸಿನಿಂದ. ಹೆಣ್ಣು ನನ್ನ ಹಳೆಯ ವಿದ್ಯಾರ್ಥಿನಿ ಅರ್ಪಿತ. ತನ್ನ ಹಿಂದಿನದೆಲ್ಲ ಕರಗಿದಂತೆ ಬರಬೇಕೆಂಬುದು ಅವಳ ಒಂದೇ ಷರತ್ತು. ಈ ಮದುವೆಯೂ ಕೆಟ್ಟರೆ ಕ್ಯಾಮೆರಾ ಕೆಳಗಿಡುವುದೊಂದೇ ದಾರಿಯೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಟ ಬಿಡಯ್ಯ ಎಂದು ನಾನೇ ಬೇಡಿಕೊಂಡೆ. "ಇರ್ಲಿ ಬುಡಿ" ಎಂದು ಒಳಜೇಬಿಗೆ ಕೈ ಹಾಕಿದ.

ಧಾರೆಯ ಹೊತ್ತಿನಲ್ಲಿ ನಾನೂ ಅವನೂ ಅಕ್ಕಪಕ್ಕದಲ್ಲೇ ಇದ್ದೆವು. ಐವತ್ತರ ಲೆನ್ಸು ಅರ್ಪಿತಳ ಮುಖವನ್ನು ಹಿಡಿದಿತ್ತು. ಕೆಲಸ ಚೆನ್ನಾಗಿಯೇ ನಡೆಯಿತೆಂದು ನಾನು ನೆಮ್ಮದಿಯಿಂದ ಊಟಕ್ಕೆ ಹೋದೆ. ಹದಿನೈದು ದಿನ ಕಳೆದು ಅರ್ಪಿತ ಗಂಡನೊಡನೆ ಸ್ಟುಡಿಯೊಗೆ ಬಂದು ವಿಡಿಯೊ ನೋಡಿದಾಗ ನಿಜ ಗೊತ್ತಾಯಿತು. ತಂದೆತಾಯಿ ಧಾರೆಯ ಹಾಲೆರೆಯಲು ಬಂದದ್ದೇ ತಡ, ಹೆಣ್ಣು ಮಂಜಾಗಿ ಕರಗಿದಳು. ಅವಳ ಹಿಂದೆ, ಹೂವಿನ ಕಂಬದ ಮರೆಯಲ್ಲಿ, ಒಬ್ಬ ಅಜ್ಜಿ ಮೂಡಿದಳು. ಅರ್ಪಿತಳ ತಂದೆಯ ತಾಯಿ ಚಿಕ್ಕತಾಯಮ್ಮ. ಗಂಡ ಸತ್ತವಳೆಂದು ಹಾಲೆರೆಯಲು ಮುಂದೆ ಬಾರದೆ, ಹಿಡಿಯಲ್ಲಿ ಅಕ್ಷತೆ ಹಿಡಿದುಕೊಂಡು, ಅದನ್ನು ಹಾಕಲೋ ಬೇಡವೋ ಎಂದು ತಿಳಿಯದೆ ನಿಂತಿದ್ದಳು. ಹಾಲೆರೆದು ಮುಗಿಯುವವರೆಗೂ ಪರದೆಯ ತುಂಬ ಆ ಮುಷ್ಟಿ, ಆ ಮುಖ.

"ನನ್ ಧಾರೆಲಿ ನಾನೇ ಕಾಣ್ತಿಲ್ವಲ್ಲ ಸಾರ್" ಎಂದು ಅರ್ಪಿತ ನನ್ನ ಕಡೆ ತಿರುಗಿದಳು. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಆ ಗಳಿಗೆ ಮತ್ತೆ ಬರುವಂಥದ್ದಲ್ಲ. ನನಗೆ ನಾಚಿಕೆಯೂ ಕೋಪವೂ ಒಟ್ಟಿಗೇ ಬಂದವು. ಶಿವರಾಜು ತಪ್ಪಾಯಿತು ಕಣವ್ವ ಎಂದು ಕೈಮುಗಿದ.

ಅವರು ಹೋದ ಮೇಲೆ, ಎಂಥ ಅನ್ಯಾಯ ಮಾಡಿದೆಯಯ್ಯ ಎಂದೆ. ಅವನು ಮೊಣಕಾಲು ಉಜ್ಜಿಕೊಂಡ.

"ಅವತ್ತೂ ತಪ್ಪು ಮಾಡ್ದೆ, ಇವತ್ತೂ ತಪ್ಪು ಮಾಡ್ದೆ ಮೇಷ್ಟ್ರೆ. ಲೆನ್ಸಿನ ಬಳೆ ಮೇಲೆ ಬೆರಳು ತಿರುಗಿದ್ದೇ ಗೊತ್ತಾಗ್ನಿಲ್ಲ. ಆದ್ರೂ ಆ ಹೆಣ್ಮಗಳ ಮೊಕ ಐವತ್ತು ಜನರ ಫೋನಲ್ಲಿ ಅದೆ. ಈ ಅಜ್ಜಿದು ಇದೊಂದ್ರಲ್ಲೇಯಾ."

ಹೋದ ವಾರ ನನ್ನ ತಮ್ಮನ ಮಗಳು ನಾಗಶ್ರೀಯ ಮದುವೆ ಗೊತ್ತಾಯಿತು. ವಿಡಿಯೊಗೆ ಯಾರಾದರೂ ಒಳ್ಳೆಯವರನ್ನು ಹೇಳು ಎಂದು ತಮ್ಮ ಕೇಳಿದಾಗ ಶಿವರಾಜುವಿನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನಾನು ಹೇಳಿದ್ದು ಮಂಡ್ಯದ ಬೇರೊಂದು ಸ್ಟುಡಿಯೊದ ಹೆಸರು. ಒಮ್ಮೆ ಮಾಡಿದ ತಪ್ಪನ್ನು ಮರೆಯಲಾರದೆ ಅದನ್ನೇ ವ್ರತವಾಗಿ ಹೊತ್ತು ತಿರುಗುವ ಇಂಥ ಒಬ್ಬಿಬ್ಬರು ಎಲ್ಲ ಊರುಗಳಲ್ಲೂ, ಎಲ್ಲ ಕಸುಬುಗಳಲ್ಲೂ ಇರುತ್ತಾರೆ. ಅವರು ಜಾಣರಲ್ಲ, ಮತ್ತೆ ತಪ್ಪು ಮಾಡದವರೂ ಅಲ್ಲ; ಲೋಕ ಯಾರನ್ನು ಲೆಕ್ಕಕ್ಕಿಟ್ಟಿಲ್ಲವೋ ಅವರ ಕಡೆಗೇ ಅವರ ಕೈ ತಾನಾಗಿ ತಿರುಗಿಬಿಡುತ್ತದೆ, ಅಷ್ಟೆ. ಅಂಥವರನ್ನು ನಾವು ದೊಡ್ಡ ಮನುಷ್ಯರೆಂದು ಮನಸಾರೆ ಹೊಗಳುತ್ತೇವೆ. ನಮ್ಮ ಮನೆಯ ಮದುವೆಗೆ ಮಾತ್ರ ಬೇರೆಯವರನ್ನು ಕರೆಯುತ್ತೇವೆ.