ಹೇಳಿದರೆ ಸಾಯುವ ಮದ್ದು

ಮಗಳು ಹುಟ್ಟಿದ ವಾರದಲ್ಲೇ ಮುನಿವೆಂಕಟಮ್ಮ ಅವಳಿಗೊಂದು ಮಾತು ಕೊಟ್ಟಿದ್ದಳು. ಆಗ ಮುನಿವೆಂಕಟಮ್ಮನಿಗೆ ತಾಯಿ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಬೆನ್ನಿಗೆ ಬಿಸಿನೀರು ಹುಯ್ಯುವ ಒಂದು ಕೈ ಮನೆಯಲ್ಲಿರಲಿಲ್ಲ. ಹಂಡೆಯ ಮುಂದೆ ತಾನೇ ಕೂತು, ತಾನೇ ಚೆಂಬಿನಲ್ಲಿ ನೀರು ಸುರಿದುಕೊಂಡು, ಮೊರದಲ್ಲಿ ಮಲಗಿದ್ದ ಕೂಸಿನ ಕಡೆ ತಿರುಗಿ ಹೇಳಿದ್ದಳು: "ನಿನ್ನ ಬಾಣಂತನ ನಾನೇ ಮಾಡ್ತೀನಿ ಕಣವ್ವ. ಇನ್ನೊಬ್ಬರ ಕೈಗೆ ಬಿಡಾಕಿಲ್ಲ."

ಆ ಕೂಸೇ ಬೈರಮ್ಮ. ಅವಳು ಬೆಳೆದು, ಮದುವೆಯಾಗಿ, ಹನುಮಂತನಗರಕ್ಕೆ ಹೋದಳು. ಇತ್ತ ಬೈರಸಂದ್ರದ ಹೊಲಗಳ ಮೇಲೆ ಜಯನಗರದ ಸೈಟುಗಳಿಗೆ ಕಲ್ಲು ನೆಟ್ಟರು. ಮುನಿವೆಂಕಟಮ್ಮನ ಗಂಡ ತಿಮ್ಮರಾಯಪ್ಪ ನೇಗಿಲು ಬಿಟ್ಟು ಹಸು ಕಟ್ಟಿದ, ಹೊಸ ಮನೆಗಳಿಗೆ ಹಾಲು ಹಾಕತೊಡಗಿದ. ಬದುಕು ಹೇಗೋ ಕುದುರಿತು. ಮುನಿವೆಂಕಟಮ್ಮನ ಮೈ ಮಾತ್ರ ಕುದುರಲಿಲ್ಲ.

ಅವಳಿಗೆ ನೋವು. ಇವತ್ತು ಭುಜ, ನಾಳೆ ಸೊಂಟ, ಆಮೇಲೆ ಮೊಣಕೈ. ಊತವಿಲ್ಲ, ಜ್ವರವಿಲ್ಲ, ನೋಡಿದವರಿಗೆ ಏನೂ ಕಾಣುವುದಿಲ್ಲ. ಬೆಳಗ್ಗೆ ಎದ್ದರೆ ಯಾರೋ ಒನಕೆಯಿಂದ ಕುಟ್ಟಿದ ಹಾಗಿರುತ್ತಿತ್ತು. ಬಾಣಂತನ ಕಾಣದ ಮೈ, ಅದಕ್ಕೇ ಹೀಗೆ ಎಂದರು ಬೀದಿಯ ಹೆಂಗಸರು. ಆ ಮಾತು ಅವಳ ಮನಸ್ಸಿಗೆ ನಾಟಿತು. ನನಗಾದದ್ದು ನನ್ನ ಮಗಳಿಗೆ ಆಗಬಾರದು ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.

ತಿಮ್ಮರಾಯಪ್ಪ ಒಮ್ಮೆ ಅವಳನ್ನು ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ರಕ್ತ ತೆಗೆದರು, ಎಕ್ಸರೆ ತೆಗೆದರು. ಕೊನೆಗೆ ಡಾಕ್ಟರು ಅವಳ ಮುಖ ನೋಡದೆ, ಗಂಡನಿಗೆ ಹೇಳಿದರು: ಏನೂ ಇಲ್ಲ, ಎಲ್ಲಾ ಮನಸ್ಸಿನದು, ಮನೆಯಲ್ಲಿ ಒಂದಿಷ್ಟು ಕೆಲಸ ಮಾಡಲು ಹೇಳಿ. ಕೋಳಿ ಕೂಗುವ ಮುಂಚೆ ಎದ್ದು ಹಾಲು ಕರೆದು, ಸಗಣಿ ಬಾಚಿ, ಮುದ್ದೆ ತೊಳಸಿಟ್ಟು ಬಂದಿದ್ದ ಹೆಂಗಸು ಕಲ್ಲಿನ ಹಾಗೆ ನಿಂತುಬಿಟ್ಟಳು. ಬಸ್ಸಿನಲ್ಲಿ ಮಾತಾಡಿದವನು ತಿಮ್ಮರಾಯಪ್ಪನೇ. "ನಿನ್ನ ನೋವು ಎಕ್ಸರೆಗೇ ಸಿಗಲಿಲ್ವಲ್ಲೇ. ಅದ್ಯಾವ ಬಿಲ ಸೇರ್ಕೊಂಡದೆ?" ಎಂದು ನಕ್ಕ. ಅವನು ಕೆಟ್ಟವನಲ್ಲ. ಡಾಕ್ಟರೇ ಇಲ್ಲವೆಂದ ಮೇಲೆ ಇಲ್ಲ ಎಂದು ನಂಬಿದ, ಅಷ್ಟೆ.

ಅವರ ಮನೆಯ ಮುಂಭಾಗದಲ್ಲಿ ದಾವಣಗೆರೆ ಕಡೆಯ ಸರ್ವಮಂಗಳಾ ಮತ್ತು ಅವಳ ಗಂಡ ಶಾಂತವೀರಪ್ಪ ಬಾಡಿಗೆಗಿದ್ದರು. ಸರ್ವಮಂಗಳಾಗೂ ವರ್ಷಗಟ್ಟಲೆ ತಲೆನೋವಿತ್ತು. ಜಯನಗರದಲ್ಲಿ ಹೊಸದಾಗಿ ರೋಗಿಗಳನ್ನು ನೋಡುವ ಶಾಪು ತೆರೆದಿದ್ದ ಡಾಕ್ಟರ್ ಸೀತಾಲಕ್ಷ್ಮಿಯವರ ಹತ್ತಿರ ಅವಳು ಹೋಗುತ್ತಿದ್ದಳು. "ಕುರ್ಚಿ ಎಳ್ಕೊಂಡು ಎದುರಿಗೆ ಕೂತು ಕೇಳ್ತಾರ್ರೀ. ನಡುವೆ ಬಾಯಿ ಹಾಕಂಗಿಲ್ಲ. ಒಂದ್ಸಲ ಬರ್ರಿ ನನ್ನ ಜೊತೆ" ಎಂದು ಎಷ್ಟೋ ಸಲ ಕರೆದಳು. ಮುನಿವೆಂಕಟಮ್ಮ ಒಪ್ಪಲಿಲ್ಲ. ಒಬ್ಬರ ಕೈಲಿ ಸುಳ್ಳಿ ಅನ್ನಿಸಿಕೊಂಡದ್ದು ಸಾಲದೇ, ಇನ್ನೊಬ್ಬರ ಕೈಲೂ ಅನ್ನಿಸಿಕೊಳ್ಳಲೇ ಎಂದಳು.

ಅಷ್ಟರಲ್ಲಿ ಹನುಮಂತನಗರದಿಂದ ಸುದ್ದಿ ಬಂತು. ಬೈರಮ್ಮ ಬಸುರಿ.

ಮುನಿವೆಂಕಟಮ್ಮನಿಗೆ ಸಂತೋಷಕ್ಕಿಂತ ಮೊದಲು ಭಯ ಹುಟ್ಟಿತು. ಹಂಡೆ ಎತ್ತಬೇಕು, ಬಾಣಂತಿಯ ಮೈ ತಿಕ್ಕಬೇಕು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯಬೇಕು. ಚೆಂಬು ಎತ್ತಿದರೆ ಕೈ ನಡುಗುವ ತಾನು ಇದನ್ನೆಲ್ಲ ಹೇಗೆ ಮಾಡುವುದು? ಆಗಲೇ ಯಾರೋ ಮಡಿವಾಳದ ರಾಮಯ್ಯನ ಹೆಸರು ಹೇಳಿದರು. ಕೆರೆಯ ಹತ್ತಿರ ಕೋಣೆ ಹಿಡಿದಿದ್ದಾನೆ, ಎಂಥ ನೋವಿಗೂ ಬೇರಿನ ಪುಡಿ ಕೊಡುತ್ತಾನೆ ಎಂದರು. ಈ ಸಲ ಗಂಡಹೆಂಡಿರು ಒಂದೇ ಮನಸ್ಸಿನಿಂದ ಹೋದರು. ರಾಮಯ್ಯ ಬಿಳಿ ಪುಡಿಯ ಪೊಟ್ಟಣಗಳನ್ನು ಕೊಟ್ಟು ಪಥ್ಯ ಹೇಳಿದ. ಬದನೆಕಾಯಿ ತಿನ್ನಬಾರದು. ಮದ್ದಿನ ವಿಷಯ ಯಾರಿಗೂ ಬಾಯಿ ಬಿಡಬಾರದು, ಡಾಕ್ಟರಿಗಂತೂ ಹೇಳಲೇಬಾರದು. ಹೇಳಿದರೆ ಮದ್ದು ಸತ್ತುಹೋಗುತ್ತದೆ.

ನಾಟಿ ಮದ್ದಿನ ಈ ಕಟ್ಟಳೆ ನಮ್ಮ ಹಿರಿಯರೆಲ್ಲ ಪಾಲಿಸಿದ್ದೇ. ಇಬ್ಬರೂ ಮರುಮಾತಿಲ್ಲದೆ ಒಪ್ಪಿದರು.

ಪುಡಿ ನುಂಗಿದ ಮೊದಲ ವಾರದಲ್ಲೇ ನೋವು ಮಾಯವಾಯಿತು. ಮುನಿವೆಂಕಟಮ್ಮನಿಗೆ ತನ್ನ ಮೈಯನ್ನು ನಂಬಲಿಕ್ಕಾಗಲಿಲ್ಲ. ಬಾವಿಯಿಂದ ಬಿಂದಿಗೆ ಮೇಲೆ ಬಿಂದಿಗೆ ಸೇದಿದಳು. ಹಸಿವು ಹೆಚ್ಚಿತು. ಕೆನ್ನೆ ತುಂಬಿತು, ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಯಿತು. ಬೀದಿಯೆಲ್ಲ ಮೆಚ್ಚಿತು. ಪಕ್ಕದ ಮನೆಯ ಬೋರಣ್ಣ, "ಏನ್ ತಿಮ್ಮರಾಯಪ್ಪ, ಹಾಲಿಗೆ ನೀರು ಹಾಕಿ ನಮಗೆ ಮಾರ್ತೀಯ, ಕೆನೆಯೆಲ್ಲ ಮನೇಲೇ ಉಳ್ಕತದಾ?" ಎಂದು ಛೇಡಿಸಿದ. ತಿಮ್ಮರಾಯಪ್ಪ ಮೀಸೆಯಲ್ಲೇ ನಕ್ಕ. ಮುಖ ಅಷ್ಟು ತುಂಬಿದ್ದರೂ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ತಾಗಿದಲ್ಲೆಲ್ಲ ಚರ್ಮ ನೀಲಿಗಟ್ಟುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಏಳು ತುಂಬಿದಾಗ ಬೈರಮ್ಮ ಹೆರಿಗೆಗೆಂದು ತವರಿಗೆ ಬಂದಳು. ಅವ್ವನ ದುಂಡು ಮುಖ ನೋಡಿ ಅವಳಿಗೂ ಖುಷಿಯಾಯಿತು. ಅದೇ ದಿನಗಳಲ್ಲಿ ರಾಮಯ್ಯ ಮಡಿವಾಳದ ಕೋಣೆ ಖಾಲಿ ಮಾಡಿ ಎಲ್ಲಿಗೋ ಹೊರಟುಹೋದ. ಮನೆಯಲ್ಲಿ ಇನ್ನೂ ಒಂದಿಷ್ಟು ಪೊಟ್ಟಣ ಇದೆ ಎಂದಳು ಮುನಿವೆಂಕಟಮ್ಮ. ತಿಮ್ಮರಾಯಪ್ಪ ಆ ಮಾತು ನಂಬಿ ಹಾಲಿನ ಕ್ಯಾನು ಎತ್ತಿಕೊಂಡು ಹೊರಟ.

ಒಂದು ಬೆಳಗ್ಗೆ ಹಸುಗಳು ಅರಚುತ್ತಿದ್ದವು, ಕರೆಯುವವರಿರಲಿಲ್ಲ. ಬೈರಮ್ಮ ಎದ್ದು ಬಂದು ನೋಡಿದರೆ ಅವ್ವ ಒಲೆಯ ಪಕ್ಕ ಬಿದ್ದಿದ್ದಾಳೆ. ವಾಂತಿಯಾಗಿದೆ, ಮೈ ತಣ್ಣಗೆ ಬೆವರುತ್ತಿದೆ, ಕರೆದರೆ ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ನಿನ್ನೆಯವರೆಗೆ ಬೀದಿಗೇ ಆರೋಗ್ಯದ ಮಾದರಿಯಾಗಿದ್ದವಳು. ತಿಮ್ಮರಾಯಪ್ಪನಿಗೆ ದಿಕ್ಕೇ ತೋಚಲಿಲ್ಲ. ಸರ್ವಮಂಗಳಾ ಅವನ ಒಪ್ಪಿಗೆ ಕೇಳಲಿಲ್ಲ. ಶಾಂತವೀರಪ್ಪನನ್ನು ಸೈಕಲ್ಲಿನ ಮೇಲೆ ತನ್ನ ಡಾಕ್ಟರ ಹತ್ತಿರ ಓಡಿಸಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಸೀತಾಲಕ್ಷ್ಮಿ ತಮ್ಮ ಹಳೆಯ ಕಾರಿನಲ್ಲಿ ಬಂದರು.

ಅವರು ನಾಡಿ ಹಿಡಿದರು, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು, ಮತ್ತೊಮ್ಮೆ ನೋಡಿದರು. ಒತ್ತಡ ಪಾತಾಳಕ್ಕಿಳಿದಿತ್ತು. ಆಮೇಲೆ ಆ ದುಂಡು ಮುಖವನ್ನು ದಿಟ್ಟಿಸಿದರು. ಸೆರಗು ಸರಿಸಿ ಹೊಟ್ಟೆ ನೋಡಿದರು. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು, ಯಾರೋ ಉಗುರಿನಿಂದ ಗೀರಿದ ಹಾಗೆ. ಬೈರಮ್ಮ ಬಾಯಿ ಮುಚ್ಚಿಕೊಂಡಳು. ಡಾಕ್ಟರು ತಿಮ್ಮರಾಯಪ್ಪನ ಕಡೆ ತಿರುಗಿ, ಈ ಕೆಲವು ತಿಂಗಳಲ್ಲಿ ಏನು ಮದ್ದು ತಿಂದಿದ್ದಾರೆ ಎಂದು ಕೇಳಿದರು.

ತಿಮ್ಮರಾಯಪ್ಪ ಸೂರು ನೋಡುತ್ತಾ, ಏನೂ ಇಲ್ಲ, ಮುದ್ದೆ ಸಾರು ಅಷ್ಟೆ ಎಂದ. ಡಾಕ್ಟರು ಮತ್ತೆ ಕೇಳಿದರು. ಅವನು ಮತ್ತೆ ಇಲ್ಲವೆಂದ. ಅವರು ಕೂಗಾಡಲಿಲ್ಲ. ಅವನ ಎದುರಿಗೆ ಬಂದು ನಿಂತರು, ಅಷ್ಟೆ. ಕೊನೆಗೆ ಅವನು ಬಾಯಿಬಿಟ್ಟ. "ಹೇಳಿದ್ರೆ ಮದ್ದು ಸತ್ತೋಯ್ತದೆ ತಾಯಿ."

"ಮದ್ದು ಸಾಯಲಿ ಬಿಡಿ ತಿಮ್ಮರಾಯಪ್ಪನವರೇ" ಎಂದರು ಡಾಕ್ಟರು. "ನೀವು ಹೇಳದಿದ್ರೆ ಸಾಯೋದು ಇವರು."

ಅವನು ಎಲ್ಲವನ್ನೂ ಹೇಳಿದ. ಪುಡಿ ನಿಂತಿದೆಯೇ ಎಂದು ಡಾಕ್ಟರು ಕೇಳಿದಾಗ, ಇಲ್ಲ, ಇನ್ನೂ ನುಂಗುತ್ತಿದ್ದಾಳೆ ಎಂದ. ಆಗ ಬೈರಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಕೂಸಿಗೆಂದು ಹರಿದು ಮಡಿಸಿಟ್ಟಿದ್ದ ಹಳೆ ಸೀರೆಯ ಬಟ್ಟೆಗಳ ನಡುವಿನಿಂದ ಒಂದು ಗಂಟು ತಂದು ಬಿಚ್ಚಿದಳು. ಪೊಟ್ಟಣಗಳು.

"ಅವ್ವ ಇದನ್ನ ನಂಗೇಂತ ಎತ್ತಿಟ್ಟದೆ" ಎಂದಳು. "ಹೆತ್ತ ಮೇಲೆ ಸೊಂಟ ನೋಯ್ತದೆ, ಆಗ ಕೊಡ್ತೀನಿ, ಈಗ ಯಾರಿಗೂ ಹೇಳಬೇಡ ಅಂತು. ಹೋದ ವಾರದಿಂದ ತಾನು ತಗೊಂಡೇ ಇಲ್ಲ."

ಡಾಕ್ಟರ ಮುಖವೇ ಒಂದು ಕ್ಷಣ ಬಿಳಿಚಿತು. ನೀನು ತಿಂದೆಯಾ ಎಂದು ಬೈರಮ್ಮನನ್ನು ಕೇಳಿದರು. ಇಲ್ಲವೆಂದಳು. ಅವರು ಉಸಿರು ಬಿಟ್ಟು ಚೀಲದಿಂದ ಸೂಜಿ ತೆಗೆದರು.

ಇಂಜೆಕ್ಷನ್ ಕೊಡುತ್ತಲೇ ಅವರು ಬಿಡಿಸಿ ಹೇಳಿದರು. ಇದು ಬರೀ ಬೇರಿನ ಪುಡಿ ಅಲ್ಲ. ಇದರಲ್ಲಿ ಬಲವಾದ ಇಂಗ್ಲಿಷ್ ಮಾತ್ರೆ ಅರೆದು ಬೆರೆಸಿರಬೇಕು. ಆ ಮಾತ್ರೆ ಒಳ್ಳೆಯದೇ. ಡಾಕ್ಟರು ಅಳತೆ ಮಾಡಿ, ಕಣ್ಣಿಟ್ಟು ಕೊಟ್ಟರೆ ಪ್ರಾಣ ಉಳಿಸುತ್ತದೆ. ಅಳತೆಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಮುಖ ಊದುತ್ತದೆ, ಮೈಯಲ್ಲಿ ತಾನಾಗಿ ಹುಟ್ಟುವ ಶಕ್ತಿಯ ರಸ ಬತ್ತುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಮೈ ಹೀಗೆ ಕುಸಿಯುತ್ತದೆ.

"ನಾವು ಮೈ ತುಂಬ್ಕೊಂಡವಳೆ ಅಂತಿದ್ವಲ್ಲ ತಾಯಿ" ಎಂದ ತಿಮ್ಮರಾಯಪ್ಪ.

"ಅದು ಕಾಯಿಲೆ. ಆರೋಗ್ಯ ಅಲ್ಲ."

ಅವನು ಹಾಲಿನ ಕ್ಯಾನಿನ ಮೇಲೆ ಕುಸಿದು ಕೂತ. ಬಾಗಿಲಲ್ಲಿ ನಿಂತಿದ್ದ ಬೋರಣ್ಣ ತಲೆ ತಗ್ಗಿಸಿದ. ಆ ದುಂಡು ಕೆನ್ನೆಯನ್ನು ಹೊಗಳದವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ.

ಅದೇ ಕಾರಿನಲ್ಲಿ ಮುನಿವೆಂಕಟಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅವಳು ಬದುಕಿದಳು. ಮನೆಗೆ ಬಂದ ಮೇಲೂ ಅದೇ ಬಗೆಯ ಮಾತ್ರೆಯನ್ನು ಡಾಕ್ಟರು ತಾವೇ ಕೊಟ್ಟು, ಅಳತೆಯನ್ನು ಮೆಲ್ಲಮೆಲ್ಲನೆ ಇಳಿಸಿದರು. ಹೇಳದೆ ಒಂದು ಹೊತ್ತೂ ತಪ್ಪಿಸಬೇಡಿ ಎಂದರು. ಮುಖ ಇಳಿಯಿತು. ಅದರ ಜೊತೆಗೆ ಹಳೆಯ ನೋವು ಮರಳಿ ಬಂತು.

ಮೊದಲ ಸಲ ಡಾಕ್ಟರ ಶಾಪಿಗೆ ಹೋದ ದಿನ ತಿಮ್ಮರಾಯಪ್ಪನೂ ಜೊತೆಗಿದ್ದ. ಇವರೂ ಏನೂ ಇಲ್ಲ ಅನ್ನುತ್ತಾರೆ ಎಂದೇ ಅವನ ಎಣಿಕೆ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ನೋವು ಎಂದು ಶುರುವಾಯಿತು, ನಿದ್ದೆ ಹೇಗೆ, ಯಾವ ಕೆಲಸಕ್ಕೆ ಹೆಚ್ಚುತ್ತದೆ, ಮನೆಯಲ್ಲಿ ಏನು ಚಿಂತೆ, ಎಲ್ಲ ಕೇಳಿದರು. ಹಳೆಯ ಎಕ್ಸರೆ ನೋಡಿದರು, ಭುಜ, ಬೆನ್ನು, ಮಂಡಿ ಒತ್ತಿ ನೋಡಿದರು. ಆಮೇಲೆ ಹೇಳಿದರು: "ನೋವು ಇದೆ. ನಿಮ್ಮ ಮಾತು ನಾನು ನಂಬ್ತೀನಿ. ಯಾಕೆ ಬಂದಿದೆ ಅಂತ ನನಗಿವತ್ತು ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಇಲ್ಲ ಅಂತ ಅಲ್ಲಮ್ಮ."

ಮುನಿವೆಂಕಟಮ್ಮ ಬೆಚ್ಚಿಬಿದ್ದವಳಂತೆ ಅವರನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಈ ಮಾತು ಹೇಳಿದವರು ಯಾರೂ ಇರಲಿಲ್ಲ. ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ತಿಮ್ಮರಾಯಪ್ಪ ತನ್ನ ಟವೆಲ್ಲನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತ.

ನೋವು ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಲಿಲ್ಲ. ಅದನ್ನು ಹಿಡಿತದಲ್ಲಿಟ್ಟು ಬದುಕುವ ದಾರಿ ಹೇಳಿದರು. ಎಲ್ಲ ಕೆಲಸವನ್ನು ಒಂದೇ ಉಸಿರಿಗೆ ಮುಗಿಸಬಾರದು, ನಡುನಡುವೆ ಕೂರಬೇಕು. ಬೆಳಗ್ಗೆ ಬಿಸಿನೀರಿನ ಶಾಖ, ಸಂಜೆ ಒಂದಿಷ್ಟು ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ನೋವಿನ ಮಾತ್ರೆ ಬೇಕಾದರೆ ತಾವು ಹೇಳಿದಷ್ಟೇ, ಊಟದ ಮೇಲೆ. ಹೊಸದಾಗಿ ಏನೇ ಕಂಡರೂ ಬಂದು ಹೇಳಬೇಕು, ಮತ್ತೆ ಹುಡುಕೋಣ ಎಂದರು.

ಅಂದಿನಿಂದ ಹಾಲು ಕರೆಯುವುದು, ನೀರು ಸೇದುವುದು ತಿಮ್ಮರಾಯಪ್ಪನ ಪಾಲಾಯಿತು. ಬೋರಣ್ಣ ಒಮ್ಮೆ ಬಾವಿಕಟ್ಟೆಯಲ್ಲಿ, ಏನಯ್ಯ ಸೀರೆಯೊಂದು ಉಟ್ಕೊಂಡ್ಬಿಡು ಎಂದ. "ನೀನು ಹಗ್ಗ ಹಿಡ್ಕೊ ಮೊದಲು, ಆಮೇಲೆ ಸೀರೆ ಮಾತು" ಎಂದು ತಿಮ್ಮರಾಯಪ್ಪ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟ. ಯಾರಿಗೂ ಹೇಳಬಾರದೆಂದು ಬಾಯಿ ಹೊಲಿದುಕೊಂಡಿದ್ದ ಮನುಷ್ಯ ಈಗ ಹಾಲು ಹಾಕುವ ಪ್ರತಿ ಮನೆಯ ಬಾಗಿಲಲ್ಲೂ ಆ ಪುಡಿಯ ಕಥೆ ಹೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಾರಣ ತಿಳಿಯದ ನೋವಿನಿಂದ ನರಳುವವರು ಇದ್ದಾರು. ಅವರನ್ನು ನೋಡಿ ನಗಬೇಡಿ, ಮೊದಲು ನಂಬಿ. ಒಬ್ಬ ಡಾಕ್ಟರು ಏನೂ ಇಲ್ಲ ಎಂದರೆ ಅಲ್ಲಿಗೇ ಬಿಡದೆ, ಕೂತು ಕೇಳುವ ಇನ್ನೊಬ್ಬರನ್ನು ಹುಡುಕಿ. ಮನೆಯವರೊಬ್ಬರು ಜೊತೆಗೆ ಹೋಗಿ. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಮಾತ್ರೆ ಬಾಯಿಗೆ ಹಾಕಬೇಡಿ. ಈಗಾಗಲೇ ತಿನ್ನುತ್ತಿದ್ದರೆ ಹೆದರಿ ಒಮ್ಮೆಲೇ ಬಿಡಬೇಡಿ, ಆ ಪೊಟ್ಟಣದ ಸಮೇತ ಇವತ್ತೇ ಡಾಕ್ಟರ ಹತ್ತಿರ ಹೋಗಿ. ನಾಟಿ ಮದ್ದಾಗಲಿ, ಹರಕೆಯ ಮದ್ದಾಗಲಿ, ತಿಂದದ್ದನ್ನೆಲ್ಲ ಹೇಳಿಬಿಡಿ. ನಿಜವಾದ ಮದ್ದು ಮಾತಿಗೆ ಸಾಯುವುದಿಲ್ಲ.

ಬೈರಮ್ಮನಿಗೆ ಹೆಣ್ಣು ಕೂಸಾಯಿತು. ಬಾಣಂತನ ತಾನೇ ಮಾಡುತ್ತೇನೆಂದು ಮುನಿವೆಂಕಟಮ್ಮ ಡಾಕ್ಟರನ್ನು ಬೇಡಿದಳು. ಮೂಳೆಗೆ ಇನ್ನೂ ಬಲ ಬಂದಿಲ್ಲ, ಹಂಡೆ ಎತ್ತಿದರೆ ಬೆನ್ನು ಮುರಿದೀತು ಎಂದು ಅವರು ಬೇಡವೆಂದರು. ಬಾಣಂತಿಗೆ ನೀರು ಹುಯ್ದದ್ದು, ಕೂಸಿಗೆ ಎಣ್ಣೆ ತಿಕ್ಕಿದ್ದು ಸೂಲಗಿತ್ತಿ ಮರಿಯಮ್ಮ. ಬೈರಮ್ಮ ಮೊರದಲ್ಲಿದ್ದಾಗ ಕೊಟ್ಟ ಮಾತನ್ನು ನಡೆಸಲು ಮುನಿವೆಂಕಟಮ್ಮನಿಗೆ ಆಗಲಿಲ್ಲ.