ನೇರ ಬಂದ ಚೆಂಡು

ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳಿದಾಗ ಅಮೋಸ್ ಬ್ರಾಡ್ನ್ಯಾಕ್ಸ್ ಒಂದು ಕ್ಷಣ ಓಡುವುದನ್ನೇ ಮರೆತ. ಚೆಂಡು ಎದುರಾಳಿಯೊಬ್ಬನ ತಲೆಯ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು. ಆರೂಮುಕ್ಕಾಲಡಿ ಎತ್ತರದ ಆ ದೇಹ ಮೊದಲ ಬೇಸ್ ಮುಟ್ಟುವಷ್ಟರಲ್ಲಿ ಬೇಸ್‌ಬಾಲ್ ಮೈದಾನದ ಆರು ಸಾವಿರ ಜನ ಎದ್ದು ನಿಂತಿದ್ದರು.

ಹದಿಮೂರು ದಿನದಿಂದ ಅವನ ಬ್ಯಾಟಿಗೆ ಒಂದು ಚೆಂಡೂ ಸರಿಯಾಗಿ ಸಿಕ್ಕಿರಲಿಲ್ಲ. ಬಾಗಿ ಬರುವ ಚೆಂಡು ಅವನ ಕಣ್ಣಿಗೇ ನಿಲುಕುತ್ತಿರಲಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ದೇಶವೇ ಹೊತ್ತು ಮೆರೆಸಿದವನು, ಮೂವತ್ತೊಂದರ ವಯಸ್ಸಿನಲ್ಲಿ ಅದನ್ನು ಬಿಟ್ಟು ಅಲಬಾಮಾದ ಈ ಸಣ್ಣ ಊರಿನ ಬೇಸ್‌ಬಾಲ್ ತಂಡ ಸೇರಿದ್ದ. ಯಾಕೆಂದು ಪತ್ರಿಕೆಯವರು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ಕಾರಣ ಇವತ್ತು ಮೂರನೆಯ ಸಾಲಿನಲ್ಲಿ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂತಿತ್ತು. ಅವನಪ್ಪ ಎಜ್ರಾ. ಕರಿಯರು ತಮ್ಮದೇ ತಂಡ ಕಟ್ಟಿಕೊಂಡು ಆಡುತ್ತಿದ್ದ ಕಾಲದ ಕ್ಯಾಚರ್, ಬ್ಯಾಟುಗಾರನ ಬೆನ್ನ ಹಿಂದೆ ಕೂತು ಚೆಂಡು ಹಿಡಿಯುವವನು. ಬಿಳಿಯರ ತಂಡಗಳು ಬಾಗಿಲು ತೆರೆಯುವಷ್ಟರಲ್ಲಿ ಅವನ ಮಂಡಿಗಳು ಸವೆದುಹೋಗಿದ್ದವು. ಆಮೇಲೆ ಮೂವತ್ತು ವರ್ಷ ಗರಗಸದ ಮಿಲ್ಲು. ಮಗನ ಬ್ಯಾಸ್ಕೆಟ್‌ಬಾಲ್ ನೋಡಲು ಒಮ್ಮೆಯೂ ಬಂದವನಲ್ಲ. ಈಗ ಶ್ವಾಸಕೋಶದಲ್ಲಿ ಗಡ್ಡೆ. ಚಳಿಗಾಲ ಕಂಡರೆ ಹೆಚ್ಚು ಎಂದಿದ್ದರು ವೈದ್ಯರು.

ಸಂಜೆ ಇಬ್ಬರೂ ಊರಂಚಿನ ಹೋಟೆಲಿನಲ್ಲಿ ಕರಿದ ಮೀನು ತಿನ್ನಲು ಕೂತರು. ಸಹಿಗೆಂದು ಮುತ್ತಿದ ಜನ ಚದುರುವವರೆಗೆ ಎಜ್ರಾ ಕಾದ.

"ಚೆಂಡು ಬರೋಕ್ ಮುಂಚೆ ಅವರ ಕ್ಯಾಚರ್ ನಿನ್ ಕಿವೀಲಿ ಏನೋ ಅಂದ. ಏನಂದ?"

"ಏನಿಲ್ಲಪ್ಪ. ಸುಮ್ನೆ ತಮಾಷೆಗೆ."

"ಹದಿನಾಲ್ಕು ವರ್ಷ ಅದೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತೋನು ನಾನು. ನನ್ ಹತ್ರ ಬೇಡ."

ಅಮೋಸ್ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ. "'ಈ ಸಲ ನೇರ ಬರುತ್ತಣ್ಣಾ, ನಿಮ್ಮಪ್ಪ ಬಂದಿದಾರಂತಲ್ಲ' ಅಂದ."

ಎಜ್ರಾ ತಲೆಯಾಡಿಸಿದ. ಕೆಮ್ಮು ಬಂತು, ಅದು ಮುಗಿಯಲು ತುಂಬ ಹೊತ್ತು ಹಿಡಿಯಿತು.

"ನಂಗೆ ಹೊಡೆಯೋಕೆ ಬರ್ತಿತ್ತು, ಗೇಟೊಳಗೆ ಬಿಡ್ಲಿಲ್ಲ. ನಿಂಗೆ ಬರಲ್ಲ, ಹೆಗಲ ಮೇಲೆ ಹೊತ್ಕೊಂಡ್ ಹೋಗ್ತಿದಾರೆ."

"ನಿನಗೋಸ್ಕರ ಬಂದೆ ಅಪ್ಪ."

"ನಾನ್ ಕೇಳಿದ್ನಾ?" ಎಂದ ಎಜ್ರಾ. ಸ್ವಲ್ಪ ಸುಧಾರಿಸಿಕೊಂಡು, "ಬೆಂಚಿನ ತುದೀಲಿ ಒಬ್ಬ ಕೂತಿದ್ನಲ್ಲ, ಆಟ ಮುಗಿಯೋವರೆಗೂ ಕೈಯಿಂದ ಗ್ಲೌಸ್ ತೆಗೀಲಿಲ್ಲ. ಯಾರವನು?"

"ರೂಫಸ್ ಕಿಚನ್ಸ್. ಐದು ವರ್ಷದಿಂದ ಇದಾನೆ."

"ನೀನ್ ಬರೋಕ್ ಮುಂಚೆ ನಿನ್ ಜಾಗದಲ್ಲಿ ಯಾರ್ ಆಡ್ತಿದ್ರು?"

ಅಮೋಸ್ ಮತ್ತೆ ಮೀನಿನ ಮುಳ್ಳಿಗೆ ಕೈ ಹಾಕಿದ. ಎಜ್ರಾ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದ. ಮಗನ ಕಾರು ಬೇಡವೆಂದ.

ಅಪ್ಪನನ್ನು ಬಸ್ಸು ಹತ್ತಿಸಿ ಅಮೋಸ್ ಸೀದಾ ತಂಡದ ಮ್ಯಾನೇಜರ್ ಡಾಯ್ಲ್‌ನ ಕೋಣೆಗೆ ಹೋದ.

"ಇವತ್ತು ನನ್ನ ಕೂರ್ಸಿ. ರೂಫಸ್ ಆಡ್ಲಿ."

"ರೂಫಸ್‌ನ ನೋಡೋಕೆ ಯಾರಪ್ಪ ಬರ್ತಾರೆ? ಅವನ ಹೆಂಡ್ತೀನೂ ಬರಲ್ಲ."

"ಹಾಗಾದ್ರೆ ನಾನು ಬಿಟ್ಟು ಹೋಗ್ತೀನಿ."

ಡಾಯ್ಲ್ ನಗಲಿಲ್ಲ. ಎದ್ದು ಬಾಗಿಲು ಮುಚ್ಚಿ ಬಂದ. "ಹೋಗು. ನಾಳೆಯಿಂದ ಖಾಲಿ ಮೈದಾನ. ಮೇಲಿನೋರು ಆರು ಜನರನ್ನ ಮನೆಗೆ ಕಳಿಸು ಅಂತಾರೆ. ಮೊದಲ್ನೇ ಹೆಸರು ಯಾರದ್ದು ಅಂತ ನಾನು ಹೇಳ್ಬೇಕಾ? ನೀನಿದ್ರೆ ಅವನಿಗೆ ಬೆಂಚಾದ್ರೂ ಉಳಿಯುತ್ತೆ. ನಡಿ, ಬಟ್ಟೆ ಹಾಕ್ಕೋ."

ಅಮೋಸ್ ಬಟ್ಟೆ ಹಾಕಿಕೊಂಡ.

ಮಧ್ಯಾಹ್ನ ಎದುರಿಗೆ ಚೆಂಡೆಸೆಯಲು ಹೊಸ ಪಿಚರ್. ನೇರ ಎಸೆಯೆಂದು ಅವನಿಗೆ ಯಾರೂ ಹೇಳಿದಂತಿರಲಿಲ್ಲ. ಮೊದಲ ಚೆಂಡು ಬಾಗಿತು, ಬ್ಯಾಟು ಗಾಳಿ ಸೀಳಿತು. ಎರಡನೆಯದೂ ಹಾಗೆಯೇ. ಮೂರನೆಯದು ಮಂಡಿಯ ಬಳಿ ಬಂದು ಕುಸಿಯುವುದರೊಳಗೆ ಅಮೋಸ್ ಬೀಸಿ ಮುಗಿಸಿದ್ದ. ಸುತ್ತಿದ ರಭಸಕ್ಕೆ ಒಂದು ಮಂಡಿ ನೆಲಕ್ಕೆ ತಾಗಿತು.

ಮೂರೂ ತಪ್ಪಿತು. ಔಟ್.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಗಸೊಬ್ಬಳು ಅವನ ಹೆಸರು ಹಿಡಿದು ಕೂಗಿದಳು. ಅವನು ಧೂಳು ಕೊಡವದೆ ನಡೆದುಬಂದು ಬೆಂಚಿನ ಮುಂದೆ ನಿಂತ. ತುದಿಯಲ್ಲಿದ್ದ ರೂಫಸ್ ತಲೆ ಎತ್ತಲಿಲ್ಲ. ಗ್ಲೌಸ್ ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಅವನಿಗೆ ಕೂರಲು ಜಾಗ ಬಿಟ್ಟು ಸರಿದ.