ಕಾನೂನು ಕೇಳೂದಿಲ್ಲ

ನಾನು ಕಬ್ಬಿಣದ ಸ್ಟೂಲು, ಎರಡು ಮೆಟ್ಟಿಲಿನದು. ಕೂರುವುದಕ್ಕೆ ಮಾಡಿದ್ದಲ್ಲ, ತುಳಿಯುವುದಕ್ಕೆ ಮಾಡಿದ್ದು. ಹೆಂಗಸರ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮಲಗಿಸುವ ಎತ್ತರದ ಮೇಜಿರುತ್ತದಲ್ಲ, ಅದನ್ನು ಹತ್ತುವಾಗ ಕಾಲಿಡುವುದು ನನ್ನ ಮೇಲೆ. ನನ್ನನ್ನು ಹುಟ್ಟಿಸಿದವನು ಗ್ಯಾರೇಜ್ ಓಣಿಯ ಮರ್ದಾನಸಾಬ. ಟ್ರೇಲರ್ ಒಂದರ ಕೆಲಸ ಮುಗಿದು ಉಳಿದ ಪೈಪಿನಲ್ಲಿ ಮೂರು ಕಾಲುಗಳನ್ನು ಸರಿಯಾಗಿ ಕತ್ತರಿಸಿದ. ನಾಲ್ಕನೆಯದಕ್ಕೆ ಬಂದಾಗ ಪೈಪು ಸಾಲಲಿಲ್ಲ, ಅದು ಗಿಡ್ಡವಾಯಿತು. "ನಡೀತೈತಿ ಬಿಡು, ಡಾಕ್ಟ್ರು ಏನು ಇದರ ಮ್ಯಾಲೆ ಕುಣೀತಾರೇನು" ಎಂದು ಬಿಳಿ ಬಣ್ಣ ಬಳಿದು ಕಳಿಸಿಬಿಟ್ಟ. ಹೀಗೆ ಹುಟ್ಟುತ್ತಲೇ ನಾನು ಕುಂಟ. ಸ್ವಭಾವವೂ ಆ ಕಾಲಿನ ಹಾಗೆಯೇ. ನನ್ನ ಬಾಯಲ್ಲಿ ಯಾರ ಬಗೆಗೂ ಒಳ್ಳೆಯ ಮಾತು ಬರುವುದು ಅಪರೂಪ.

ನಾನು ಸೇರಿದ್ದು ಡಾಕ್ಟರ್ ಪಟ್ಟಣಶೆಟ್ಟಿಯವರ ನರ್ಸಿಂಗ್ ಹೋಮಿಗೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರು "ಬ್ಯಾರೆ ಊರಾಗ ಹಿಂಗಿಲ್ಲೇನು" ಎಂದು ಜಗಳಕ್ಕೆ ಬರುತ್ತಾರೆ, ಅವರ ಮಾತೂ ಸುಳ್ಳಲ್ಲ.

ನೆಲಕ್ಕೆ ಹತ್ತಿರ ಬಾಳಿದವನಿಗೆ ಮುಖಗಳ ಗುರುತು ಕಡಿಮೆ, ಕಾಲುಗಳ ಗುರುತೇ ಹೆಚ್ಚು. ಒಡೆದ ಹಿಮ್ಮಡಿ, ಮಣ್ಣು ಕೂತ ಉಗುರು, ಹೊಸ ಮದುಮಗಳ ಅರಿಶಿನ ಆರದ ಪಾದ, ದಿನ ತುಂಬಿದವಳ ಬಾತ ಪಾದ, ಎಲ್ಲವನ್ನೂ ಹೊತ್ತಿದ್ದೇನೆ. ನಾನು ಅಲುಗಾಡಿದಾಗ ಅವರು ಬೆಚ್ಚಿ ಮೇಜು ಹಿಡಿಯುತ್ತಿದ್ದರು. ಪಾಪ ಅನ್ನಿಸುತ್ತಿತ್ತು, ಆದರೆ ಮರ್ದಾನಸಾಬನ ತಪ್ಪಿಗೆ ನಾನೇನು ಮಾಡಲಿ?

ನನ್ನಂತೆ ಕಾಲು ನೋಡುವ ಇನ್ನೊಂದು ಜೀವ ಅಲ್ಲಿತ್ತು, ಸಿಸ್ಟರ್ ಶಕುಂತಲಾ. ನಾಡಿ ಹಿಡಿಯುವ ಮೊದಲು ಆಕೆ ಕಾಲುಂಗುರ ಹುಡುಕುತ್ತಿದ್ದಳು. ಹೆರಿಗೆಗೆ ಬಂದವರಿಗೆ ತೊಂದರೆಯಿಲ್ಲ. ಬಸಿರು ಬೇಡ ಎಂದು ಬಂದವರಿಗೆ ಮಾತ್ರ ಆ ನೋಟ ಮುಳ್ಳು. ಕಾಲುಂಗುರ ಇದ್ದರೆ "ಗಂಡ ಎಲ್ಲಿ? ಅವನ ಸಹಿ ಬೇಕು." ಇಲ್ಲದಿದ್ದರೆ "ಗಂಡ ಇಲ್ದ ಇಲ್ಲೀತನಕ ಹೆಂಗ ಬಂತು?" ಅತ್ತ ದರಿ ಇತ್ತ ಪುಲಿ. ಹತ್ತಿದ ಕಾಲುಗಳು ಹಾಗೆಯೇ ಇಳಿದು ಹೋಗುತ್ತಿದ್ದವು. ಕೆಲವರು ಆಮೇಲೆ ಯಾವುದೋ ನಾಟಿ ಕಷಾಯ ಕುಡಿದು, ರಕ್ತ ಹರಿಸಿಕೊಂಡು ಅದೇ ಬಾಗಿಲಿಗೆ ಬಂದದ್ದುಂಟು. ಆಗ ಯಾರೂ ಸಹಿ ಕೇಳುತ್ತಿರಲಿಲ್ಲ, ಜಿಲ್ಲಾ ಆಸ್ಪತ್ರೆಗೆ ಸಾಗಹಾಕುತ್ತಿದ್ದರು. ಆ ಮೇಜಿನ ಕೆಳಗೆ ನಿಂತು ನಾನು ಎಷ್ಟು ಶಾಪ ಹಾಕಿದ್ದೇನೋ. ಕಬ್ಬಿಣದ ಶಾಪ ಯಾರಿಗೂ ತಟ್ಟುವುದಿಲ್ಲ.

ಒಂದು ಬೆಳಿಗ್ಗೆ ಹಾಲವ್ವ ಬಂದಳು, ಜೊತೆಯಲ್ಲಿ ತಾಯಿ ಗುರುಶಾಂತವ್ವ. ಇಬ್ಬರೂ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವವರು. ಸೀರೆಯ ಘಾಟಿಗೇ ಸಿಸ್ಟರ್ ಸೀನಿದಳು. ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಹಾಲವ್ವ ಗಂಡನ ಮನೆಗೆ ತಿರುಗಿ ಹೋಗಿರಲಿಲ್ಲ. ಏಕೆ ಹೋಗಲಿಲ್ಲ ಎಂಬುದು ಆಕೆ ಕಾಲೆತ್ತಿದಾಗಲೇ ನನಗೆ ತಿಳಿಯಿತು. ಪಾದದ ಮೇಲೆ ಬೀಡಿಯಿಂದ ಸುಟ್ಟ ಕಲೆಗಳಿದ್ದವು.

"ಮುಟ್ಟು ನಿಂತು ಎರಡು ತಿಂಗಳಾತ್ರಿ," ಎಂದಳು ಗುರುಶಾಂತವ್ವ. "ಆಕಿಗೆ ಬ್ಯಾಡಂತ. ಗಂಡಗ ಗೊತ್ತಾದ್ರ 'ನನ್ನ ಮಗು ಹೊತ್ತಾಳ' ಅಂತ ಊರ ಪಂಚರನ್ನ ಕರ್ಕೊಂಡು ಬಂದು ಎಳ್ಕೊಂಡು ಹೊಕ್ಕಾನ್ರಿ. ಮತ್ತ ಹೋದ್ರ ನನ್ನ ಮಗಳು ಉಳ್ಯೂದಿಲ್ಲ."

ಸಿಸ್ಟರಿನ ಕಣ್ಣು ಬೆರಳುಗಳ ಮೇಲೆ ಬಿತ್ತು. "ಉಂಗುರ ಅದಾವಲ್ಲ, ಗಂಡನ್ನ ಕರ್ಕೊಂಡು ಬಾ. ಯಾವ ಊರಿಗೆ ಕೊಟ್ಟಾರ? ಗಂಡನ ಹೆಸರೇನು?"

ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು ಎಂದುಕೊಂಡಿದ್ದ ಹಾಲವ್ವ ಊರನ್ನೂ ಹೇಳಿದಳು, ಫಕ್ಕೀರೇಶ ಎಂಬ ಹೆಸರನ್ನೂ ಹೇಳಿದಳು. ಅದು ಸಿಸ್ಟರಿನ ತವರೂರು. ಹಾಲವ್ವನಿಗೆ ಅದೇನು ಗೊತ್ತು? ಆಕೆ ನನ್ನ ಮೇಲಿನ ಮೆಟ್ಟಿಲಿಗೆ ಪಾದವಿಟ್ಟು, ಬಾಗಿ, ಕಾಲುಂಗುರ ತಿರುವಿ ತಿರುವಿ ಎಳೆದಳು. ಬೆರಳು ಕೆಂಪಾಯಿತು. ಒಂದು ಬಂತು, ಇನ್ನೊಂದೂ ಬಂತು.

"ಈಗ ಗಂಡ ಇಲ್ರಿ," ಎಂದಳು.

"ಹಂಗಾದ್ರ ಬಸವಿ ಆದಿ. ಭಾಳ ಛಲೋ ಆತು," ಎಂದು ಸಿಸ್ಟರ್ ಪರದೆ ಸರಿಸಿ ಹೊರಗೆ ಹೋದಳು. ಪರದೆಗೇನು ಗೋಡೆಯ ದಪ್ಪವೇ? ಫೋನಿನಲ್ಲಿ ಆಡಿದ ಮಾತು ನಮ್ಮೆಲ್ಲರಿಗೂ ಕೇಳಿಸಿತು. "ಫಕ್ಕೀರೇಶಾ, ನಾನು ಶಕ್ಕಕ್ಕ. ನಿನ್ನ ಹೇಣ್ತಿ ಇಲ್ಲಿ ಅದಾಳ. ಬಸುರಿ ತೆಗಸಾಕ ಬಂದಾಳ, ಲಗೂನ ಬಾ."

ಹಾಲವ್ವನ ಪಾದಗಳು ನನ್ನ ಮೇಲೆ ತಣ್ಣಗಾದವು. ಆ ಊರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬರಲು ಎಷ್ಟು ಹೊತ್ತು ಬೇಕು? ತಾಯಿ ಉಂಗುರಗಳನ್ನು ಆಯ್ದು ಸೆರಗಿನ ತುದಿಗೆ ಗಂಟು ಹಾಕಿದಳು.

ಅಷ್ಟರಲ್ಲಿ ಡಾಕ್ಟರ ಬೂಟುಗಳು ಒಳಗೆ ಬಂದವು. ಗುರುಶಾಂತವ್ವ ಕೈ ಮುಗಿದು ಮಗಳ ಕಷ್ಟವನ್ನೆಲ್ಲ ಹೇಳಿದಳು. ಅವರು ತಾವು ಯಾವಾಗಲೂ ಹೇಳುವುದನ್ನೇ ಹೇಳಿದರು. ಹೇಳುವಾಗ ಬೂಟಿನ ತುದಿ ಮೇಲಕ್ಕೇಳುತ್ತಿತ್ತು.

"ನೋಡವ್ವಾ, ಕಾನೂನು ಕೇಳೂದಿಲ್ಲ. ನಾ ಕೇಳ್ತೀನಿ. ಇದು ಮರ್ಯಾದಸ್ತರ ದವಾಖಾನಿ."

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ತನಕ ಬಂದ ಹೆಂಗಸರೆಲ್ಲ 'ನಾ ಕೇಳ್ತೀನಿ' ಎಂಬುದನ್ನಷ್ಟೇ ಕೇಳಿಸಿಕೊಂಡು ಇಳಿದು ಹೋಗಿದ್ದರು. ಗುರುಶಾಂತವ್ವ ಮೊದಲಿನ ತುಂಡನ್ನು ಹಿಡಿದುಕೊಂಡಳು.

"ಏನಂದ್ರಿ? ಕಾನೂನು ಗಂಡನ ಸಹಿ ಕೇಳೂದಿಲ್ಲಾ?"

"ಕೇಳೂದಿಲ್ಲ. ವಯಸ್ಸಿಗೆ ಬಂದ ಹೆಣ್ಮಗಳು ತಾನು ಒಪ್ಪಿದ್ರ ಸಾಕು ಅಂತೈತಿ. ಆದ್ರ..."

"ಆದ್ರ ಗೀದ್ರ ನನಗ ತಿಳ್ಯೂದಿಲ್ರಿ," ಎಂದವಳೇ ಮಗಳನ್ನು ಕೆಳಗಿಳಿಸಿ, ನನ್ನನ್ನು ಕೂಸಿನಂತೆ ಕಂಕುಳಲ್ಲಿ ಇರುಕಿಕೊಂಡು ಹೊರಗಿನ ಹಾಲಿಗೆ ಹೊರಟಳು. ಹೆಂಗಸರು ಸರತಿಯಲ್ಲಿ ಕೂತಿದ್ದರು. ನಟ್ಟನಡುವೆ ನನ್ನನ್ನು ಇಟ್ಟು, ಮೇಲೆ ಕೂತುಬಿಟ್ಟಳು. ಹುಟ್ಟಿದ ಮೇಲೆ ನನ್ನ ಮೇಲೆ ಒಬ್ಬರು ಕೂತದ್ದು ಅದೇ ಮೊದಲು. ಕುಂಟುಕಾಲು ಕೂಡ ಗಟ್ಟಿಯಾಗಿ ನೆಲ ಹಿಡಿಯಿತು.

ಸಿಸ್ಟರ್ ಓಡಿ ಬಂದಳು. "ಸ್ಟೂಲ್ ಕೊಡಬೇ, ಬಸುರಿ ಹೆಣ್ಮಗಳು ಮ್ಯಾಲೆ ಹತ್ತಬೇಕು."

"ನನ್ನ ಮಗಳೂ ಬಸುರೀನ ಅದಾಳ. ಮೊದಲ ಆಕೀನ ಹತ್ತಿಸ್ರಿ."

ಇಡೀ ನರ್ಸಿಂಗ್ ಹೋಮಿನಲ್ಲಿ ನನ್ನಂಥದ್ದು ನಾನೊಬ್ಬನೇ. ಸಿಸ್ಟರ್ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಒಳಗೆ ಒಯ್ದಳು. ದಿನ ತುಂಬಿದವಳೊಬ್ಬಳು ಅದರ ಮೇಲೆ ಕಾಲಿಟ್ಟಳಂತೆ, ಕುರ್ಚಿಯ ಕಾಲು ಬಾಗಿತಂತೆ, "ಯವ್ವಾ, ನಾ ಒಲ್ಯಾ" ಎಂದು ಹೊರಗೆ ಬಂದು ಕೂತಳು. ಕೆಲಸ ನಿಂತಿತು. ಗುರುಶಾಂತವ್ವನ ಬಾಯಿ ಮಾತ್ರ ನಿಲ್ಲಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ಪ್ರತಿಯೊಬ್ಬಳಿಗೂ ಆರತಿ ತಟ್ಟೆ ಹಿಡಿದಂತೆ ಒಂದೇ ಮಾತು. "ಡಾಕ್ಟ್ರು ತಾವ ಹೇಳ್ಯಾರ ನೋಡ್ರೆವಾ, ಬಸುರಿ ತೆಗಸಾಕ ಕಾನೂನು ಗಂಡನ್ನ ಕೇಳೂದಿಲ್ಲಂತ." ಮೂಲೆಯಲ್ಲಿದ್ದ ಒಬ್ಬಳು ಮೆಲ್ಲಗೆ, "ಖರೇನ?" ಎಂದಳು. ಆಕೆ ಹಿಂದೊಮ್ಮೆ ನನ್ನ ಮೇಲಿಂದ ಇಳಿದು ಹೋದವಳು. ಪಾದ ನೋಡಿ ಗುರುತು ಹಿಡಿದೆ.

ಡಾಕ್ಟರು ಹೊರಗೆ ಬಂದರು. "ಏನಿದು ಸಂತಿ? ಪೊಲೀಸರನ್ನ ಕರಸ್ತೀನಿ."

"ಕರಸ್ರಿ. ನಿಮ್ಮ ಸಿಸ್ಟರ್‌ಬಾಯಿ ನನ್ನ ಅಳಿಯಗ ಫೋನ್ ಹಚ್ಚಿ, ನಿನ್ನ ಹೇಣ್ತಿ ಬಸುರಿ ತೆಗಸಾಕ ಬಂದಾಳ ಅಂತ ಹೇಳ್ಯಾಳ. ಅದನ್ನೂ ಅವರಿಗೆ ಹೇಳೂಣು."

ಬೂಟುಗಳು ಇದ್ದಲ್ಲೇ ನಿಂತವು. ಇಂಥ ಹೆಂಗಸಿನ ಸುದ್ದಿಯನ್ನು ಹೊರಗೆ ಬಿಟ್ಟರೆ ಜೈಲೂ ಆಗಬಹುದು ಎಂಬ ಕಲಮು ಅದೇ ಕಾನೂನಿನಲ್ಲಿದೆ. ಗುರುಶಾಂತವ್ವನಿಗೆ ಅದು ಗೊತ್ತಿರಲಿಲ್ಲ, ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು.

"ಫೋನ್ ಮಾಡೀಯೇನು?" ಎಂದು ಸಿಸ್ಟರನ್ನು ಕೇಳಿದರು. ಆಕೆಯ ಪಾದಗಳು ಒಂದು ಹೆಜ್ಜೆ ಹಿಂದೆ ಸರಿದವು. ಬೂಟುಗಳು ತಿರುಗಿದವು. "ಆಕೀನ ಒಳಗ ಕರಕೊಂಡು ಬಾ."

ಯಾರೂ ಅವರನ್ನು ಒಳ್ಳೆಯವರೆಂದು ತಿಳಿಯಬೇಡಿ. ಅವರಲ್ಲಿ ಎಚ್ಚರಗೊಂಡದ್ದು ಹೆದರಿಕೆ ಒಂದೇ. ಅದೇನೇ ಇರಲಿ, ಹಾಲವ್ವ ಅಕ್ಷರ ಅಕ್ಷರ ಜೋಡಿಸಿ ತನ್ನ ಹೆಸರು ಬರೆದಳು. ನನ್ನ ಮೇಲೆ ಬಲಗಾಲಿಟ್ಟು ಹತ್ತಿದಳು. ನಾನು ಅಲುಗಾಡಿದೆ. ಆಕೆ ಮೇಜು ಹಿಡಿಯಲಿಲ್ಲ.

ಫಕ್ಕೀರೇಶ ಬರುವ ಹೊತ್ತಿಗೆ ಕೆಲಸ ಮುಗಿದು ಆಕೆ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಬಾಗಿಲಿಗೆ ಅಡ್ಡ ನಾನು, ನನ್ನ ಮೇಲೆ ಗುರುಶಾಂತವ್ವ.

"ಯಾರನ್ನ ಕೇಳಿ ಮಾಡಿದ್ರಿ?" ಎಂದು ಅವನು ಡಾಕ್ಟರ ಮೇಲೆ ಏರಿ ಹೋದ.

"ಕಾನೂನು ನಿನ್ನ ಕೇಳೂದಿಲ್ಲಪಾ," ಎಂದರು ಡಾಕ್ಟರು, ಹುಟ್ಟಿದಂದಿನಿಂದ ಅದನ್ನೇ ಹೇಳಿಕೊಂಡು ಬಂದವರ ಹಾಗೆ. ನಗು ಬಂತು. ಕಬ್ಬಿಣಕ್ಕೆ ನಗಲು ಬರುವುದಿಲ್ಲ, ಹಲ್ಲು ಕಡಿದುಕೊಂಡೆ.

ಗುರುಶಾಂತವ್ವ ಎದ್ದು ನಿಂತು, ಸೆರಗಿನ ಗಂಟು ಬಿಚ್ಚಿ ಉಂಗುರಗಳನ್ನು ಅವನ ಕೈಗೆ ಹಾಕಿದಳು. "ತಗೊಳಪಾ, ನಿನ್ನವು."

ಡಾಕ್ಟರಿಗೆ ಹೊಡೆಯುವ ಎದೆ ಅವನಿಗಿರಲಿಲ್ಲ. ಅಷ್ಟು ಹೆಂಗಸರ ಮುಂದೆ ಅತ್ತೆಯನ್ನು ಮುಟ್ಟುವ ಧೈರ್ಯವೂ ಇರಲಿಲ್ಲ. ನನ್ನನ್ನು ಒದ್ದ. ಮರ್ದಾನಸಾಬನ ನಾಲ್ಕನೆಯ ಕಾಲು ಬೆಸುಗೆ ಬಿಟ್ಟು ಗೋಡೆಗೆ ಬಡಿಯಿತು. ಅವನ ಮನೆಯಲ್ಲಿ ಹಾಲವ್ವನ ಜಾಗ ಯಾವುದಾಗಿತ್ತೆಂದು ನನಗೆ ಆಗ ಪೂರ್ತಿ ಅರ್ಥವಾಯಿತು.

"ಈ ದರಿದ್ರ ಸ್ಟೂಲನ್ನ ಹೊರಗ ಒಗೀರಿ," ಎಂದರು ಡಾಕ್ಟರು. ಒಗೆಯುವ ಮೊದಲೇ ಗುರುಶಾಂತವ್ವ ಎತ್ತಿಕೊಂಡಳು.

ಈಗ ನಾನು ಆಕೆಯ ಮನೆಯ ಕಟ್ಟೆಯ ಮೇಲಿದ್ದೇನೆ, ಇಲ್ಲದ ಕಾಲಿನ ಜಾಗದಲ್ಲಿ ಒಂದು ಇಟ್ಟಿಗೆ. ಬಣ್ಣ ಹೋಗಿದೆ, ಮೈಯೆಲ್ಲ ಮೆಣಸಿನ ಘಾಟು. ಹಾಲವ್ವ ಗೋದಾಮಿನಿಂದ ಬಂದು ಕಾಲು ತೊಳೆದು, ಒದ್ದೆ ಪಾದವನ್ನು ನನ್ನ ಕೆಳಗಿನ ಮೆಟ್ಟಿಲ ಮೇಲೆ ಇಡುತ್ತಾಳೆ. ಉಂಗುರದ ತಗ್ಗು ಮೆಲ್ಲಗೆ ತುಂಬುತ್ತಿದೆ. ಬೀಡಿಯ ಕಲೆಗಳು ಹೋಗಿಲ್ಲ, ಹೋಗುವುದೂ ಇಲ್ಲ.

ಮೊನ್ನೆ ಓಣಿಯ ನೀಲವ್ವ ಅಳುತ್ತ ಬಂದಳು. ಅದೇ ನರ್ಸಿಂಗ್ ಹೋಮ್, ಅದೇ ಪರದೆ, ಅದೇ "ಗಂಡ ಎಲ್ಲಿ?" ಏನೂ ಬದಲಾಗಿಲ್ಲ. ಬದಲಾದದ್ದು ಒಂದೇ.

"ಹೊಸಾ ಸ್ಟೂಲ್ ತಂದಾರಬೇ," ಎಂದಳು ನೀಲವ್ವ. "ನೆಲಕ್ಕ ಬೋಲ್ಟ್ ಹಾಕಿ ಕುಂದ್ರಿಸ್ಯಾರ. ಅಲ್ಲಾಡೂದ ಇಲ್ಲ."

ಅಷ್ಟು ಓದಿದ ಮನುಷ್ಯ ಆ ದಿನದಿಂದ ಕಲಿತದ್ದು ಅದನ್ನೇ. ನನಗೆ ಮೈಯೆಲ್ಲ ತುಕ್ಕು ಕಡಿದಂತಾಯಿತು.

ಗುರುಶಾಂತವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇದ್ದಳು. "ಹಾಕ್ಲಿ ಬಿಡು," ಎಂದಳು. "ನಮ್ಮ ಸ್ಟೂಲ್ ನಮ್ಮ ಕಡೆ ಐತಲ್ಲ. ಅವರ ಬಾಗಿಲದಾಗ ಹಾಕ್ಕೊಂಡು ಕುಂದರೂಣು."

ಮರುದಿನ ಬೆಳಿಗ್ಗೆ ಹಾಲವ್ವ ನನ್ನನ್ನು ಎತ್ತಿಕೊಂಡಳು. ನೀಲವ್ವ ಮುಂದೆ ನಡೆದಳು. ಗುರುಶಾಂತವ್ವ ಬಾಗಿಲು ಹಾಕಿಕೊಂಡು ನಾಲ್ಕು ಹೆಜ್ಜೆ ಬಂದವಳು ಏನೋ ನೆನಪಾಗಿ ತಿರುಗಿ ಹೋಗಿ, ಇಟ್ಟಿಗೆಯನ್ನೂ ತಂದಳು.